ಹದಿನಾಲ್ಕಕ್ಕಿಂತ ಕೆಳಗಿಲ್ಲ

ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ ಉರಿಯುವ ದೀಪಗಳಲ್ಲಿ ಅರ್ಧದಷ್ಟು ತಾಹೇರಾ ಎಳೆದ ಗೆರೆಗಳ ಮೇಲೆಯೇ ಉರಿಯುತ್ತಿದ್ದವು. ಉಳಿದರ್ಧ ಬೇರೆಯವರ ಗೆರೆಗಳವು, ಅದಕ್ಕೇ ಅವು ಸಂಜೆ ಏಳಕ್ಕೆ ಮಿಣುಕುತ್ತಿದ್ದವು. ಇದನ್ನು ಯಾರೂ ಎಣಿಸಿ ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಕರೆಂಟಿನ ಪ್ಯಾನೆಲ್ ಬೋರ್ಡುಗಳ ನಕ್ಷೆ ಬರೆಯುತ್ತಿದ್ದ ಅವಳು ದಿನಾ ಬೆಳಿಗ್ಗೆ ಶಿವಾಜಿನಗರದ ನಿಲ್ದಾಣದಲ್ಲಿ ಬಸ್ಸು ಹತ್ತಿ, ಎಡಗಡೆಯ ಮೂರನೇ ಸೀಟಿನಲ್ಲಿ ಕೂತು, ಹಲಸೂರು ಕೆರೆಯ ತಿರುವಿನಲ್ಲಿ ಬಸ್ಸು ಗಬ್ಬದ ಎಮ್ಮೆಯಂತೆ ವಾಲುವಾಗಲೇ ಹೆಂಗಸರ ಉಚಿತ ಟಿಕೆಟ್ಟಿನ ಬೆನ್ನಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವಳು. ಆ ಗೆರೆಯ ಪಕ್ಕ ಸ್ಕೇಲು ಇಟ್ಟರೆ ಸ್ಕೇಲೇ ಸೊಟ್ಟ ಕಾಣಬೇಕು. ಒಮ್ಮೆ ಕಂಡಕ್ಟರ್ ಅದನ್ನು ನೋಡಿ, ಮನೆಯಲ್ಲಿ ಫ್ರೇಮ್ ಹಾಕಿಸುತ್ತೇನೆಂದು ಟಿಕೆಟ್ಟನ್ನೇ ವಾಪಸು ಕೇಳಿದ್ದನಂತೆ. ಹೇಳಿ ಹೇಳಿ ಆ ಕಂಡಕ್ಟರಿಗೆ ಮೀಸೆ ಬಂದಿತ್ತು, ಹೆಸರು ಬಂದಿತ್ತು, ಈಚೆಗೆ ಕಣ್ಣಲ್ಲಿ ನೀರೂ ಬರತೊಡಗಿತ್ತು. ಈ ಮಂಗಳವಾರ ಮಾತ್ರ ಗೆರೆ ನಡುಗಿತು. ತಿರುವಿನಲ್ಲಲ್ಲ, ಸಿಗ್ನಲಿನಲ್ಲಿ, ಬಸ್ಸು ಬಂಡೆಯಂತೆ ನಿಂತಿದ್ದಾಗ. ಡ್ರೈವರನ ತಪ್ಪು ಎಂದುಕೊಂಡಳು. ಎಂಜಿನ್ನು ಸರಿಯಾಗಿ ಇಟ್ಟುಕೊಳ್ಳಲಾಗದವನಿಗೆ ಯಾರು ಬಸ್ಸು ಕೊಟ್ಟರು? ಟಿಕೆಟ್ಟನ್ನು ಮುದುರಿ ಕಿಟಕಿಯ ಸಂದಿಗೆ ತುರುಕಿದಳು. ಅದು ಬೀಳದೆ ಅಲ್ಲೇ ಸಿಕ್ಕಿಕೊಂಡು, ಟಿನ್ ಫ್ಯಾಕ್ಟರಿ ಸ್ಟಾಪು ಬರುವವರೆಗೂ ಗಾಳಿಗೆ ಪಟಪಟ ಎನ್ನುತ್ತಿತ್ತು.

ಮೂರು ಗಂಟೆಗೆ ಅವರು ಪ್ಯಾನೆಲ್ ಜೋಡಿಸುವ ಶೆಡ್ಡಿಗೆ ಬರುತ್ತಾರೆ. ಮಾರತ್ತಹಳ್ಳಿಯ ಅಪಾರ್ಟ್‌ಮೆಂಟಿನವರು, ಮೂರು ಪಂಪುಗಳ ಪ್ಯಾನೆಲ್ ಮಾಡಿಸಿಕೊಂಡು ಹೋದವರು. ಎರಡು ದೊಡ್ಡ ಪಂಪು, ಒಂದು ಚಿಕ್ಕದು. ಒಂಬತ್ತು ದಿನದ ಹಿಂದೆ ಆ ಚಿಕ್ಕ ಪಂಪಿನ ಹೊಟ್ಟೆಗೆ ಸಿಮೆಂಟಿನ ಕೆಸರು ಸಿಕ್ಕಿ, ಅದು ಏಳು ಆಂಪಿಯರ್ ಎಳೆಯಬೇಕಾದಲ್ಲಿ ಹನ್ನೆರಡು ಎಳೆಯುತ್ತ, ಅರ್ಧ ದಿನ ಏದುಸಿರು ಬಿಟ್ಟು, ಕೊನೆಗೆ ಸುಟ್ಟುಹೋಯಿತು. ನೆಲಮಾಳಿಗೆಯಲ್ಲಿ ಹೊಗೆ ತುಂಬಿತು. ಅಲ್ಲಿ ನೆಲ ಒರೆಸುತ್ತಿದ್ದ ಅಯ್ಯಮ್ಮ ಎಂಬ ಹೆಂಗಸು ಮೆಟ್ಟಿಲು ಕಾಣದೆ ಗೋಡೆ ತಡವುತ್ತ ಕೆಮ್ಮುತ್ತ ಹತ್ತಿ ಬಂದಳಂತೆ, ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದಳಂತೆ. ಮೋಟರು ಮಿತಿಮೀರಿ ಎಳೆದರೆ ಕರೆಂಟು ಕಡಿದುಬಿಡುವ ಕಾವಲುಗಾರನೊಬ್ಬ ಪ್ರತಿ ಪ್ಯಾನೆಲಿನಲ್ಲೂ ಇರುತ್ತಾನೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಓವರ್‌ಲೋಡ್ ರಿಲೇ. ಚಿಕ್ಕ ಪಂಪಿಗೆ ಆರರಿಂದ ಹತ್ತು ಆಂಪಿಯರಿನದು ಇರಬೇಕಿತ್ತು. ಇದ್ದದ್ದು ದೊಡ್ಡ ಪಂಪಿನದು, ಹದಿನಾಲ್ಕರಿಂದ ಇಪ್ಪತ್ಮೂರರದು. ಹನ್ನೆರಡು ಅದಕ್ಕೆ ಸೊಳ್ಳೆ ಕಚ್ಚಿದಂತೆಯೂ ಆಗಿರಲಿಲ್ಲ. ನಕ್ಷೆ ತೆಗೆದು ನೋಡಿದರು: ಮೂರನೇ ಹಾಳೆಯಲ್ಲಿ ಆರು-ಹತ್ತು ಎಂದು ಮುತ್ತಿನಂತೆ ಬರೆದಿತ್ತು. ಅಂದ ಮೇಲೆ ಜೋಡಿಸಿದ ವೈರ್‌ಮನ್ ಭೀಮೇಶನದೇ ತಪ್ಪು. ಭೀಮೇಶನ ಅಜಾಗರೂಕತೆ ಎಂದು ಮಾಲೀಕ ಯಜ್ಞನಾರಾಯಣರು ಕಾಗದ ತಯಾರಿಸಿದ್ದರು. ಮೂರು ಗಂಟೆಗೆ ಅವನು ಅದಕ್ಕೆ ಸಹಿ ಹಾಕಬೇಕು, ಅದು ಅವನ ವೈರ್‌ಮನ್ ಪರವಾನಗಿಯ ಬೆನ್ನು ಹತ್ತಿ ಹೋಗುತ್ತದೆ, ಆಮೇಲೆ ಅವನು ಯಾವ ಶೆಡ್ಡಿನಲ್ಲೂ ಸ್ಕ್ರೂಡ್ರೈವರ್ ಹಿಡಿಯುವಂತಿಲ್ಲ. ತಾಹೇರಾಳ ಗೆರೆ ತಪ್ಪುವುದಿಲ್ಲ: ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಗೊತ್ತು ಮಾಡಿಸಿದವಳೂ ಅವಳೇ.

ಶೆಡ್ಡಿನ ಬಾಗಿಲ ಹೊರಗೆ, ಮಗುಚಿ ಹಾಕಿದ ಕೇಬಲ್ ಡ್ರಮ್ಮಿನ ಮೇಲೆ ಭೀಮೇಶ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಅದೇ ಅವಳಿಗೆ ಮೊದಲು ಚುಚ್ಚಿದ್ದು. ಹೊಸ ತಿಪ್ಪಸಂದ್ರದಿಂದ ಸೈಕಲ್ಲಿನಲ್ಲಿ ಬರುವವನು, ನೀಲಿ ಕೋಟಿನ ಜೇಬಿನಲ್ಲಿ ಸದಾ ತಂತಿಯ ತುಂಡುಗಳನ್ನಿಟ್ಟುಕೊಂಡು ಮೇಯುವ ದನದಂತೆ ಅವನ್ನು ಕಚ್ಚುತ್ತಿದ್ದವನು, ಇವತ್ತು ಮದುವೆಗೆ ಬಂದವನ ಹಾಗೆ ಕೂತಿದ್ದ. “ಬಂದ್ರಾ ಮೇಡಂ, ಕೆರೆ ಹತ್ರ ಗೆರೆ ಎಳೆದ್ರಾ?” ಎಂದ. “ಎಳೆದೆ. ಇವತ್ತಿಂದು ಸ್ಕೇಲ್ ಕಂಪನಿಯೋರೇ ಬಂದು ತಗೊಂಡೋದ್ರು,” ಎಂದಳು, ಬಾಯಿ ತನ್ನಷ್ಟಕ್ಕೆ ಹೇಳಿತು. “ಒಳಗ್ ಯಾಕೆ ಹೋಗಿಲ್ಲ?” “ಮೂರ್ ಗಂಟೆವರ್ಗೂ ಟೂಲ್ಸ್ ಮುಟ್ಬೇಡ ಅಂದವ್ರೆ. ಟೂಲ್ಸ್ ಮುಟ್ದೆ ಒಳಗೆ ಏನ್ ಮಾಡ್ಲಿ, ನಿಮ್ ಗಡಿಯಾರ ನೋಡ್ಕೊಂಡು ಕೂರ್ಲಾ?” ಅದು ಇಪ್ಪತ್ತು ವರ್ಷದ ಸೇವೆಗೆಂದು ಅವಳಿಗೆ ಕೊಟ್ಟು, ಅವಳ ಮೇಜಿನ ಮೇಲೆಯೇ ಮೊಳೆ ಹೊಡೆದಿದ್ದ ಗಡಿಯಾರ, ಏಳು ನಿಮಿಷ ಮುಂದೆ ಓಡುತ್ತಿತ್ತು. ತಾನು ಕಾಲಕ್ಕಿಂತ ಮುಂದಿರುವುದು ಅದಕ್ಕೂ ತಿಳಿದಿದೆ ಎನ್ನುತ್ತಿದ್ದಳು. ಇವತ್ತು ಅದನ್ನು ಹೇಳಲಿಲ್ಲ. ಭೀಮೇಶ ಅವಳ ಮುಖ ನೋಡಿದ, ಅಥವಾ ಅವಳ ಹಿಂದಿನ ಗೋಡೆಯನ್ನು. ಒಂದು ಮಾತು ಅವನ ಹತ್ತಿರ ಇತ್ತು. ಅವಳ ಹತ್ತಿರವೂ ಇತ್ತು. ಇಬ್ಬರೂ ಅದನ್ನು ತೆಗೆಯಲಿಲ್ಲ.

ಒಳಗೆ ಸಂಹಿತಾ ಆಗಲೇ ಕಂಪ್ಯೂಟರ್ ಹಚ್ಚಿಟ್ಟಿದ್ದಳು. ಇಪ್ಪತ್ತಾರು ವರ್ಷದ ಎಂಜಿನಿಯರು, ನಾಲ್ಕು ತಿಂಗಳ ಹಿಂದೆ ಹೊಸ ಸಾಫ್ಟ್‌ವೇರ್ ಕಲಿಸಲೆಂದು ಬಂದವಳು, ಮಾತಿಗೆ ಮುಂಚೆ ಮೇಡಂ, ಮಾತಿನ ಮೇಲೂ ಮೇಡಂ. ಅವಳ ವಿನಯದಷ್ಟು ತಾಹೇರಾಳನ್ನು ಬೇರೆ ಯಾವುದೂ ಸುಟ್ಟಿರಲಿಲ್ಲ. ಮೊದಲ ವಾರ ಪಾಠ ಹೇಳುತ್ತ ಹೇಳುತ್ತ ಆ ಹುಡುಗಿ ತಾಳ್ಮೆ ಮುಗಿದು, ಮೌಸ್ ಹಿಡಿದಿದ್ದ ತಾಹೇರಾಳ ಕೈಯ ಮೇಲೆ ತನ್ನ ಕೈಯಿಟ್ಟು, ಅಂಗನವಾಡಿಯಲ್ಲಿ ಅಕ್ಷರ ತಿದ್ದಿಸುವಂತೆ ಸರಿಸಿದ್ದಳು. ಟ್ರೇಸಿಂಗ್ ಫಿಲ್ಮಿನ ಮೇಲೆ ಸೊನ್ನೆ ಪಾಯಿಂಟ್ ಎರಡು ಮಿಲಿಮೀಟರಿನ ಪೆನ್ನಿನಲ್ಲಿ, ಉಸಿರು ಹಿಡಿದು, ನೊಣ ಕೂತರೂ ಕದಲದೆ ಗೆರೆ ಎಳೆದ ಕೈ ಅದು. ಆ ಕೈ ಇಳಿಸಿದ ಶಾಯಿಯಲ್ಲಿ ಹಲಸೂರು ಕೆರೆ ಎರಡು ಸಲ ತುಂಬಿ ಕೋಡಿ ಬೀಳುತ್ತಿತ್ತು. “ಇದು ಗೆರೆ ಅಲ್ಲ ಮೇಡಂ, ಆಬ್ಜೆಕ್ಟು,” ಎಂದಿದ್ದಳು ಸಂಹಿತಾ. “ಇದಕ್ಕೆ ಪ್ರಾಪರ್ಟೀಸ್ ಇರುತ್ತೆ. ಹೆಸರೇನು, ಎಷ್ಟು ಆಂಪ್ಸು, ಯಾವ ಕಂಪನಿದು, ಎಲ್ಲಾ ಒಳಗಿರುತ್ತೆ. ಸಾಮಾನಿನ ಲಿಸ್ಟನ್ನ ಸಾಫ್ಟ್‌ವೇರ್ ಅದರಿಂದಾನೇ ಮಾಡೋದು. ಕಾಣೋದನ್ನ ತಿದ್ದಬೇಡಿ ಮೇಡಂ, ಒಳಗಿರೋದನ್ನ ತಿದ್ದಿ. ಕಾಣೋದು ತಾನಾಗೇ ಬದಲಾಗುತ್ತೆ.” “ನಮ್ ಶಿವಾಜಿನಗರದಲ್ಲಿ ಪ್ರಾಪರ್ಟಿ ಅಂದ್ರೆ ಅಣ್ಣ ತಮ್ಮ ಕೋರ್ಟಿಗೆ ಹೋಗೋದು,” ಎಂದಿದ್ದಳು ತಾಹೇರಾ, ಇಡೀ ಶೆಡ್ಡಿಗೆ ಕೇಳುವಂತೆ. “ಕೇಳಮ್ಮಾ, ಕಾಣದೇ ಇರೋದು ನನ್ ನಕ್ಷೆಲಿ ಇಲ್ಲ. ನಾನು ಬರೆದಿದ್ದು ಕಾಣುತ್ತೆ, ಕಂಡಿದ್ದು ಉರಿಯುತ್ತೆ. ಮುಗೀತು.” ಶೆಡ್ಡು ನಕ್ಕಿತ್ತು. ಭೀಮೇಶನೂ ನಕ್ಕಿದ್ದ, ಬಾಯಲ್ಲಿ ತಂತಿ ಕಚ್ಚಿಕೊಂಡೇ.

ಹನ್ನೊಂದಕ್ಕೆ, ಅವಳ ಗಡಿಯಾರದಲ್ಲಿ ಹನ್ನೊಂದೂ ಏಳಕ್ಕೆ, ಯಜ್ಞನಾರಾಯಣರು ತಮ್ಮ ಗಾಜಿನ ಕೋಣೆಯಿಂದ ಬಂದರು. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಬಂದವರು, ದನಿ ಏರಿಸದೆಯೇ ಯಂತ್ರ ನಿಲ್ಲಿಸಬಲ್ಲವರು. “ತಾಹೇರಾ ಅವರೇ, ಆ ಸಾಮಾನಿನ ಲಿಸ್ಟ್ ಒಂದು ಹೊಸದಾಗಿ ಪ್ರಿಂಟ್ ತೆಗೀರಿ. ಕಾಗದದ ಜೊತೆ ಲಗತ್ತಿಸ್ಬೇಕು. ನಕ್ಷೆ ಒಂದು ಹೇಳುತ್ತೆ, ಲಿಸ್ಟೂ ಅದನ್ನೇ ಹೇಳುತ್ತೆ, ಇವನು ಇನ್ನೊಂದು ಹಾಕಿದ್ದಾನೆ ಅಂತ ಆಗ್ಬೇಕು.” “ಹಳೇ ಲಿಸ್ಟ್ ಇತ್ತಲ್ಲ ಸರ್.” “ಎಲ್ಲಿ? ಸ್ಟೋರಿನ ಹಬೀಬ್ ಅದ್ರಲ್ಲಿ ಲಗ್ ಕಟ್ಟಿ ಯಾರಿಗೋ ಕೊಟ್ಬಿಟ್ಟಿದ್ದಾನೆ.” ಅದು ಶೆಡ್ಡಿನ ಪದ್ಧತಿ. ಸಾಮಾನು ಎಣಿಸಿ ಕೊಟ್ಟಾದ ಮೇಲೆ ಲಿಸ್ಟಿನ ಕಾಗದ ಪೊಟ್ಟಣವಾಗುತ್ತಿತ್ತು, ತಂತಿಯ ತುದಿಗೆ ಹಾಕುವ ತಾಮ್ರದ ಲಗ್ಗುಗಳನ್ನೋ ಹಬೀಬನ ವಡೆಯನ್ನೋ ಸುತ್ತಿಕೊಂಡು ಹೋಗುತ್ತಿತ್ತು. ನಕ್ಷೆ ಮಾತ್ರ ಪ್ಯಾನೆಲಿನ ಬಾಗಿಲ ಒಳಜೇಬಿನಲ್ಲಿ ಕೂತು, ಆ ಪ್ಯಾನೆಲ್ ಇರುವಷ್ಟು ವರ್ಷ ಬದುಕುತ್ತಿತ್ತು. ಅದಕ್ಕೇ ಅವಳಿಗೆ ನಕ್ಷೆಯ ಮೇಲೆ ಪ್ರೀತಿ, ಲಿಸ್ಟಿನ ಮೇಲೆ ತಾತ್ಸಾರ.

ಫೈಲು ತೆರೆದಳು. ಮೂರನೇ ಹಾಳೆ. ಮುತ್ತಿನಂತೆ ಆರು-ಹತ್ತು. ರಿಲೇಯ ಚೌಕದ ಮೇಲೆ ಎರಡು ಸಲ ಒತ್ತಿದಳು. ನಾಲ್ಕು ತಿಂಗಳಲ್ಲಿ ಒಳಗೇನಿದೆ ಎಂದು ಓದಲೆಂದೇ, ಯಾರೂ ಕೈ ಹಿಡಿದು ಒತ್ತಿಸದೆ ಒತ್ತಿದ್ದು ಅದೇ ಮೊದಲು. ಪಕ್ಕದಲ್ಲಿ ಪಟ್ಟಿ ತೆರೆದುಕೊಂಡಿತು. ಹೆಸರು: ಎಫ್ ಮೂರು. ವ್ಯಾಪ್ತಿ: ಹದಿನಾಲ್ಕರಿಂದ ಇಪ್ಪತ್ಮೂರು. ಅವಳು ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು, ಅಂಕಿಗಳೇನೂ ಇಳಿದಿರಲಿಲ್ಲ. ಪ್ರತಿ ಸಾಲಿನ ಕೊನೆಗೆ ಒಂದು ಪುಟ್ಟ ಚೌಕ. ಅದರಲ್ಲಿ ಟಿಕ್ ಇದ್ದರೆ ಆ ಸಾಲು ಹಾಳೆಯ ಮೇಲೆ ಕಾಣುತ್ತದೆ, ಇಲ್ಲದಿದ್ದರೆ ಒಳಗೇ ಉಳಿಯುತ್ತದೆ. ವ್ಯಾಪ್ತಿಯ ಎದುರಿನ ಚೌಕ ಖಾಲಿಯಿತ್ತು. ಖಾಲಿ ಮಾಡಿದ ಬೆರಳು ಯಾವುದೆಂದು ಅವಳಿಗೆ ಗೊತ್ತಿತ್ತು, ಅದು ಈಗ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. ಎರಡು ತಿಂಗಳ ಹಿಂದೆ, ನಕ್ಷೆ ಬರೆದ ದಿನ, ದೊಡ್ಡ ಪಂಪಿನ ಹಾಳೆಯನ್ನೇ ನಕಲು ಮಾಡಿ ಚಿಕ್ಕದರದ್ದಾಗಿಸಿದ್ದಳು. ಹದಿನಾಲ್ಕು-ಇಪ್ಪತ್ಮೂರು ಎಂಬ ಅಕ್ಷರಗಳ ಮೇಲೆ ಒತ್ತಿದರೆ ಅವು ಅಳಿಯಲಿಲ್ಲ, ಬೆಕ್ಕಿನಂತೆ ಅಲ್ಲೇ ಕೂತಿದ್ದವು. ಸಂಹಿತಾಳನ್ನು ಕೇಳಬಹುದಿತ್ತು. ಕೇಳಿದರೆ ಆ ಹುಡುಗಿ ಎದ್ದು ಬಂದು ಕೈಯ ಮೇಲೆ ಕೈಯಿಡುತ್ತಿದ್ದಳು. ತಾಹೇರಾ ಟಿಕ್ ತೆಗೆದಳು, ಅಕ್ಷರ ಮಾಯವಾಯಿತು, ಖಾಲಿಯಾದ ಜಾಗದ ಮೇಲೆ ಬರೀ ಅಕ್ಷರಗಳಲ್ಲಿ ಆರು-ಹತ್ತು ಎಂದು ಬರೆದಳು. ಕಂಪ್ಯೂಟರಿಗೇ ಟೋಪಿ ಹಾಕಿದೆನೆಂದು ಆ ಸಂಜೆ ಎರಡು ಸಮೋಸಾ ಹೆಚ್ಚಿಗೆ ತಿಂದಿದ್ದಳು. ಅವಳ ತಂದೆ, ಅಬ್ಬಾ, ರಸೆಲ್ ಮಾರ್ಕೆಟ್ಟಿನ ಸುತ್ತಮುತ್ತ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು, ಮೂರು ಭಾಷೆಯಲ್ಲಿ, ಒಂದೇ ಕುಂಚದಲ್ಲಿ. ಅಂಗಡಿ ಕೈ ಬದಲಾದಾಗ ಹಳೇ ಹೆಸರನ್ನು ಕೆರೆದು ತೆಗೆಯಬೇಕು. ಅದಕ್ಕೆ ಒಂದು ದಿನ ಹಿಡಿಯುತ್ತದೆ, ಉಗುರಿನಲ್ಲಿ ಬಣ್ಣ ಸೇರುತ್ತದೆ. ಒಂದೇ ಒಂದು ಸಲ ಅವಸರಕ್ಕೆ ಕೆರೆಯದೆ ಮೇಲೆ ಬಳಿದರು. ಎರಡನೇ ಮಳೆಗಾಲಕ್ಕೆ ಹೊಸ ಬೇಕರಿಯ ಹೊಟ್ಟೆಯೊಳಗಿಂದ ಹಳೇ ಚಪ್ಪಲಿ ಅಂಗಡಿ ಎದ್ದು ಬಂತು. ಬೇಕರಿಯವನು ಬೀದಿಯಲ್ಲಿ ನಿಂತು ಕೂಗಾಡಿದಾಗ ಅಬ್ಬಾ ಏಣಿ ತಂದು ಗೋಡೆಗೆ ಒರಗಿಸಿದ್ದು, ಅವರ ಬಿರುಕು ಬಿಟ್ಟ ಹಿಮ್ಮಡಿಗಳು ಏಣಿಯ ಕೊನೆಯ ಮೆಟ್ಟಿಲವರೆಗೂ ಹತ್ತಿದ್ದು, ಎಂಟು ವರ್ಷದ ಅವಳು ಕೆಳಗೆ ಏಣಿ ಹಿಡಿದು ನಿಂತು, ಕೆರೆದ ಬಣ್ಣ ತಲೆಯ ಮೇಲೆ ಉದುರುತ್ತಿದ್ದರೂ ಮುಖ ಎತ್ತದೆ ಇದ್ದದ್ದು, ಎಲ್ಲ ನೆನಪಾಯಿತು.

“ಸಂಹಿತಾ,” ಎಂದಳು, ಪರದೆಗೆ ಮೈ ಅಡ್ಡ ಮಾಡಿಕೊಂಡು. “ಒಂದು ಆಬ್ಜೆಕ್ಟನ್ನ ಯಾರು ಮುಟ್ಟಿದ್ರು ಅಂತ ಇದ್ರಲ್ಲಿ ಗೊತ್ತಾಗುತ್ತಾ?” ಸಂಹಿತಾಳ ಮುಖ ಅರಳಿತು, ನಾಲ್ಕು ತಿಂಗಳಲ್ಲಿ ಮೇಡಂ ಕೇಳಿದ ಮೊದಲ ಪ್ರಶ್ನೆ. “ಗೊತ್ತಾಗುತ್ತೆ ಮೇಡಂ! ಪಟ್ಟೀಲಿ ಕೊನೇ ಎರಡು ಸಾಲು ನೋಡಿ. ಹೆಸರು, ತಾರೀಖು, ಟೈಮು. ಆದ್ರೆ ಕೊನೇ ಸಲ ಮುಟ್ಟಿದ್ದು ಮಾತ್ರ ಇರುತ್ತೆ. ಈಗ ತಿದ್ದಿದ್ರೆ ಈಗಿಂದು ಬರುತ್ತೆ, ಹಳೇದು ಹೋಗುತ್ತೆ.” “ಹಿಂದೆ ಏನಿತ್ತು ಅಂತ?” “ಉಳಿಯಲ್ಲ ಮೇಡಂ. ಯಾಕೆ?” “ಸುಮ್ನೆ. ಕಲೀತಾ ಇದೀನಿ.” ಎರಡು ಸಲ ಒತ್ತಿದರೆ ಸಾಕು. ವ್ಯಾಪ್ತಿಯ ಸಾಲಿನಲ್ಲಿ ಆರು, ಹತ್ತು. ಲಿಸ್ಟು ಒಳ್ಳೇ ಮಗುವಿನಂತೆ ಅದನ್ನೇ ಒಪ್ಪಿಸುತ್ತದೆ. ಕಾಗದಕ್ಕೆ ಪಿನ್ನು ಬೀಳುತ್ತದೆ. ಭೀಮೇಶ ಇಸ್ತ್ರಿ ಅಂಗಿಯ ಜೇಬಿನಿಂದ ಪೆನ್ನು ತೆಗೆಯುತ್ತಾನೆ. ಅವಳ ಕೈ ಮೌಸಿನ ಮೇಲಿತ್ತು, ಬೇರೆ ಯಾರ ಕೈಯೂ ಅದರ ಮೇಲಿರಲಿಲ್ಲ, ಆದರೂ ಯಾರೋ ಸರಿಸುತ್ತಿದ್ದಂತಿತ್ತು. ಆರು ಎಂದು ಬರೆದಳು. ಅಂಕಿ ಅಲ್ಲಿ ಕೂತು ಮಿಟುಕಿತು. ಆಗ ಭೀಮೇಶ ಬಾಗಿಲಲ್ಲಿ ನಿಂತಿದ್ದು ಕಾಣಿಸಿತು, ಈಗಿನ ಭೀಮೇಶ ಅಲ್ಲ, ಎರಡು ತಿಂಗಳ ಹಿಂದಿನ ನೀಲಿ ಕೋಟಿನವನು, ಒಂದು ಕೈಯಲ್ಲಿ ರಿಲೇ, ಇನ್ನೊಂದರಲ್ಲಿ ಲಿಸ್ಟು. “ಮೇಡಂ, ಶೀಟಲ್ಲಿ ಒಂದೈತೆ, ಲಿಸ್ಟಲ್ಲಿ ಒಂದೈತೆ. ಯಾವ್ದು ಹಾಕ್ಲಿ?” ಅವತ್ತು ಬೆಳಿಗ್ಗೆಯಷ್ಟೇ ಯಜ್ಞನಾರಾಯಣರು ಯಾರೋ ಬಂದವರ ಮುಂದೆ, ಇನ್ನು ಮೇಲೆ ನಮ್ಮಲ್ಲಿ ಎಲ್ಲ ಸಾಫ್ಟ್‌ವೇರಿನಲ್ಲೇ, ಕೈ ಕೆಲಸ ಏನೂ ಇಲ್ಲ ಎಂದು ಅವಳ ತಲೆಯ ಮೇಲಿಂದ ಕೈ ತೋರಿಸಿ ಹೇಳಿದ್ದರು. ಆ ಕೈಯ ಗಾಳಿ ಇನ್ನೂ ನೆತ್ತಿಯ ಮೇಲಿತ್ತು. ಅವಳು ತಲೆಯೆತ್ತದೆ, “ಕಂಪ್ಯೂಟರಮ್ಮ ಹೇಳಿದ್ದೇ ಹಾಕಪ್ಪಾ. ಈ ಮುದುಕಿ ಗೆರೆ ಈಗ ಯಾರು ಕೇಳ್ತಾರೆ? ಹೋಗು, ನನ್ ಚಾ ಆರ್ತೈತೆ,” ಎಂದಿದ್ದಳು. ಅವನು ಒಂದು ಗಳಿಗೆ ನಿಂತಿದ್ದ. ಹೋಗಿದ್ದ. ಹಾಕಿದ್ದ. ಈಗ ತಾಹೇರಾ ಆರನ್ನು ಅಳಿಸಿದಳು. ಪಟ್ಟಿ ಮುಚ್ಚುವಾಗ, ಬದಲಾವಣೆ ಉಳಿಸಲೇ ಎಂದು ಕಂಪ್ಯೂಟರ್ ಕೇಳಿತು. ನಕ್ಕೋ, ಬೇಡ, ಎಂದಳು, ಜೋರಾಗಿಯೇ.

ಊಟದ ಹೊತ್ತಿಗೆ ಡಬ್ಬಿ ಹಿಡಿದು ಹೊರಗೆ ಬಂದಳು. ಮೇಲೆ ಮೆಟ್ರೋ ಹೋಗುತ್ತಿತ್ತು, ಕೆಳಗೆ ಟಿನ್ ಫ್ಯಾಕ್ಟರಿಯ ಬಸ್ಸುಗಳು ಒಂದನ್ನೊಂದು ಬೈಯುತ್ತಿದ್ದವು. ಭೀಮೇಶ ಡ್ರಮ್ಮಿನ ಮೇಲೆ ಅರ್ಧ ಜಾಗ ಬಿಟ್ಟ. ಅವಳು ಕೂರಲಿಲ್ಲ. “ನಾನು ಅವತ್ತು ಏನ್ ಹೇಳ್ದೆ ಅಂತ ನೀನ್ಯಾಕೆ ಯಾರಿಗೂ ಹೇಳಿಲ್ಲ?” ಅವನು ಕೆಳಗೆ ಬಿದ್ದಿದ್ದ ತಂತಿಯ ತುಂಡೊಂದನ್ನು ಎತ್ತಿಕೊಂಡು, ಅಂಗಿಯ ನೆನಪಾಗಿ ಮತ್ತೆ ಬಿಸಾಕಿದ. “ಯಾರಿಗೆ ಹೇಳೋದು ಮೇಡಂ? ಯಾರ್ ನಂಬ್ತಾರೆ? ನಿಮ್ ಗೆರೆ ತಪ್ಪಲ್ಲ ಅಂತ ಈ ಶೆಡ್ಡಲ್ಲಿ ಇಲಿಗಳ್ಗೂ ಗೊತ್ತು. ಆ ಕಂಡಕ್ಟ್ರು ಕತೆ ನಾನೇ ನಮ್ಮತ್ತೆ ಮನೇಲೆಲ್ಲಾ ಹೇಳಿವ್ನಿ.” “ರಿಲೇನಾದ್ರೂ ಕಮ್ಮಿಗೆ ತಿರುಗ್ಸಿದ್ಯಾ?” “ತಿರುಗ್ಸದೆ? ಚಿಕ್ಕ ಪಂಪು ಅಂತ ನನ್ಗೂ ಕಾಣುತ್ತಲ್ಲ. ಪೂರ್ತಿ ಕೆಳಗಿಟ್ಟೆ. ಅದು ಹದಿನಾಲ್ಕುಕ್ಕಿಂತ ಕೆಳಗೆ ಹೋಗಲ್ಲ ಮೇಡಂ. ಅದ್ರ ಮೇಲೆ ಕೂತ್ರೂ ಹೋಗಲ್ಲ.” ಆಮೇಲೆ, ಅವಳತ್ತ ನೋಡದೆ: “ನಿಮ್ಮನ್ನ ಇನ್ನೊಂದ್ಸಲ ಕೇಳ್ಬೇಕಿತ್ತು. ನೀವು ಅವತ್ತು ಬೇಜಾರಲ್ಲಿದ್ರಿ ಅಂತ ಬಿಟ್ಬಿಟ್ಟೆ.” ಅವಳ ಡಬ್ಬಿಯಲ್ಲಿ ಖೀಮಾ ಇತ್ತು, ಜಗತ್ತಿನಲ್ಲೇ ಅತ್ಯುತ್ತಮ ಖೀಮಾ, ಅದರ ವಾಸನೆಗೆ ಹೈದರಾಬಾದಿನಿಂದ ಜನ ರೈಲು ಹತ್ತುತ್ತಿದ್ದರು. ಮುಚ್ಚಳ ತೆಗೆಯದೆ ಡಬ್ಬಿಯನ್ನು ಅವನ ಮಡಿಲಲ್ಲಿಟ್ಟು ಒಳಗೆ ಹೋದಳು. ಮೈಯಲ್ಲಿ ನಡುಕವಿತ್ತು, ಈ ಸಲ ದೂರಲು ಡ್ರೈವರ್ ಯಾರೂ ಸಿಗಲಿಲ್ಲ. ನಡೆಯುತ್ತ ನಡೆಯುತ್ತ ಅದು ಬೇರೆಯಾಗಿ, ಕೋಪದ ಹಾಗೆ, ಹೆಮ್ಮೆಯ ಹಾಗೆಯೂ ಆಗುತ್ತಿತ್ತು. ತನ್ನ ಗೆರೆಯನ್ನು ಇಡೀ ಊರಿಗೆ ಹೊಗಳಿದ್ದು ತಾನು. ಆ ಹೊಗಳಿಕೆಯ ತೂಕ ಈಗ ಈ ತಿಪ್ಪಸಂದ್ರದವನ ಕತ್ತಿನ ಮೇಲೆ ಯಾಕೆ ಕೂತಿರಬೇಕು? ಅಷ್ಟು ಭಾರದ ಹೊಗಳಿಕೆ ಹೊರುವ ಕತ್ತು ಇರುವುದು ಒಬ್ಬಳಿಗೇ.

ಎಫ್ ಮೂರರ ಪಟ್ಟಿಯನ್ನು ಮತ್ತೆ ತೆರೆದಳು. ಒಂದಂಕಿಯನ್ನೂ ತಿದ್ದಲಿಲ್ಲ. ಆದರೆ ಟಿಕ್ ಹಾಕುವುದೂ ಮುಟ್ಟಿದಂತೆಯೇ, ಹಳೇ ತಾರೀಖು ಹೋಗಿಬಿಡುತ್ತದೆ. “ಸಂಹಿತಾ, ಬಾ ಇಲ್ಲಿ. ಈ ತಾರೀಖು, ಈ ಟೈಮು ನೋಡ್ಕೊ. ಏನಿದೆ ಓದು.” ಹುಡುಗಿ ಬಗ್ಗಿ ಓದಿದಳು: ತಾಹೇರಾ, ಎರಡು ತಿಂಗಳ ಹಿಂದಿನ ಒಂದು ಗುರುವಾರ, ಸಂಜೆ ನಾಲ್ಕೂ ಹದಿನೆಂಟು. ಓದುತ್ತಿದ್ದಂತೆ ಅವಳ ಕಣ್ಣು ಮೇಲಿನ ಸಾಲಿಗೆ ಹೋಯಿತು, ಅಲ್ಲೇ ನಿಂತಿತು. “ಮೇಡಂ...” ಎಂದಳು. “ಹೂಂ. ಒಳಗಿರೋದನ್ನ ತಿದ್ದಲಿಲ್ಲ, ಕಾಣೋದನ್ನ ತಿದ್ದಿದೆ. ನೀನು ಹೇಳಿದ್ದೆ. ಕಾಮೆಂಟ್ ಬರೆಯೋ ಸಾಲು ಯಾವ್ದು?” ಸಂಹಿತಾಳ ಕೈ ತಾನಾಗಿ ಮೌಸಿನತ್ತ ಬಂತು. “ಕೈ ತೆಗಿ,” ಎಂದಳು ತಾಹೇರಾ. “ಬಾಯಲ್ಲಿ ಹೇಳು.” ಬಾಯಲ್ಲಿ ಹೇಳಿದಳು. ತಾಹೇರಾ ಒಂದೊಂದೇ ಅಕ್ಷರ ಒತ್ತಿ ಬರೆದಳು. ಆಮೇಲೆ ಚೌಕಗಳ ಸಾಲನ್ನು ಮೇಲಿನಿಂದ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತ ಬಂದಳು. ಹೆಸರು, ವ್ಯಾಪ್ತಿ, ಕಂಪನಿ, ಕೋಡು, ಕಾಮೆಂಟು, ಮುಟ್ಟಿದವರು, ಮುಟ್ಟಿದ ಗಳಿಗೆ. ಅಷ್ಟು ದಿನ ಒಳಗೆ ಉಸಿರುಗಟ್ಟಿ ಕೂತಿದ್ದದ್ದೆಲ್ಲ ಹಾಳೆಯ ಮೇಲೆ ಉಕ್ಕಿತು. ಆರು-ಹತ್ತರ ಮುತ್ತುಗಳ ಮೇಲೆ ಹದಿನಾಲ್ಕು-ಇಪ್ಪತ್ಮೂರು ಹತ್ತಿ ಕೂತಿತು, ಅದರ ಮೇಲೆ ಇನ್ನೊಂದು. ರಾತ್ರಿ ಎಂಟರ ಶಿವಾಜಿನಗರದ ಬಸ್ಸಿನ ಫುಟ್‌ಬೋರ್ಡಿನ ಹಾಗಿತ್ತು ಆ ಮೂಲೆ. ಅವಳ ಜೀವಮಾನದ ಅತಿ ಕೊಳಕು ಹಾಳೆ. ಅದನ್ನು ಮೂರು ಪ್ರತಿ ಪ್ರಿಂಟ್ ತೆಗೆದಳು, ಲಿಸ್ಟನ್ನೂ ತೆಗೆದಳು.

ಯಜ್ಞನಾರಾಯಣರು ಹಾಳೆ ನೋಡಿದರು, ಲಿಸ್ಟು ನೋಡಿದರು, ಗಾಜಿನ ಬಾಗಿಲು ಮುಚ್ಚಿದರು. ಅವರಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. “ಇದನ್ನ ತಿದ್ದೋಕೆ ಎಷ್ಟ್ ಹೊತ್ತು ಬೇಕು?” “ಎರಡು ಸಲ ಒತ್ತಿದ್ರೆ ಆಯ್ತು ಸರ್.” “ಒತ್ತಿ ಮತ್ತೆ.” ಅವಳು ಹಾಳೆಯನ್ನು ಅವರತ್ತ ಇನ್ನಷ್ಟು ಸರಿಸಿದಳು. “ನೋಡಿ ತಾಹೇರಾ ಅವರೇ, ವೈರ್‌ಮನ್ ತಪ್ಪು ಮಾಡಿದ್ರೆ ವೈರ್‌ಮನ್ ಬದಲಾಯಿಸ್ತೀವಿ, ಜನ ಮರೀತಾರೆ. ನಕ್ಷೆನೇ ತಪ್ಪು ಅಂದ್ರೆ ಇಲ್ಲಿಂದ ಹೋಗಿರೋ ಒಂದೊಂದು ಪ್ಯಾನೆಲನ್ನೂ ಅನುಮಾನದಲ್ಲಿ ನೋಡ್ತಾರೆ. ಹನ್ನೆರಡು ಜನ ಇದೀವಿ ಇಲ್ಲಿ. ನಿಮ್ಮ ಗೆರೆಗೆ ಒಂದು ಹೆಸರಿದೆ.” “ಇದೆ ಸರ್. ಆ ಹಾಳೆಲೂ ಇದೆ. ಕೆಳಗಡೆಯಿಂದ ಎರಡನೇ ಸಾಲು.” “ತಮಾಷೆ ಮಾಡ್ಬೇಡಿ.” “ತಮಾಷೆ ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿರೋದು ಒಂದೇ ತಪ್ಪು ಸರ್. ಅದೂ ಎಂಥ ತಪ್ಪು, ಇಡೀ ಮಾರತ್ತಹಳ್ಳಿಗೇ ಹೊಗೆ ಕಾಣೋ ಅಂಥದ್ದು. ಅದನ್ನ ತಗೊಂಡೋಗಿ ಭೀಮೇಶಂಗೆ ಕೊಡ್ತೀರಾ? ಕೊಡೋದಾದ್ರೆ ನನ್ ಮೇಜಿನ ಗಡಿಯಾರ ಕೊಡಿ. ತಪ್ಪು ನಂದು, ನಾನು ಯಾರಿಗೂ ಬಿಟ್ಕೊಡಲ್ಲ.” ಹೇಳುವಾಗ ಅವಳಿಗೆ ಹೊಗೆಯೊಳಗೆ ಗೋಡೆ ತಡವುವ ಒಂದು ಕೈ ಕಂಡಿತು, ಬಳೆಯಿದ್ದ ಕೈ, ಒದ್ದೆ ಬಟ್ಟೆ ಹಿಡಿದಿದ್ದ ಕೈ. ಅಯ್ಯಮ್ಮನ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಒಂದೇ ತಪ್ಪು ಎಂದದ್ದು ನಿಜವೋ ಎಂದು ಯಾರೋ ಒಳಗೆ ಕೇಳಿದರು. ಟಿಕ್ ತೆಗೆದ ಮೇಲೆ ಸಮೋಸಾ ತಿಂದ ಸಂಜೆ ಅದೊಂದೇ ಆಗಿತ್ತೋ? “ಒಂದೇ ಅಲ್ಲದೇನೂ ಇರಬಹುದು,” ಎಂದಳು, ದನಿ ಇಳಿಸದೆ. “ಈ ನಾಲ್ಕು ತಿಂಗಳಿಂದು ಎಲ್ಲಾ ತೆಗೆದು ನೋಡ್ಬೇಕು. ಒಂದೊಂದೂ.” ಯಜ್ಞನಾರಾಯಣರು ಭೀಮೇಶ ಸಹಿ ಹಾಕಬೇಕಿದ್ದ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದರು. “ಅವರ ಮುಂದೆ ನಾನು ಹೇಳಲ್ಲ,” ಎಂದರು. “ನೀವು ಯಾಕೆ ಹೇಳ್ತೀರಾ ಸರ್? ನನಗೆ ಬಾಯಿಲ್ವಾ?”

ಅವರು ಮೂರು ಗಂಟೆಗೇ ಬಂದರು, ಸರಿಯಾದ ಮೂರಕ್ಕೆ. ಸನಾವುಲ್ಲಾ ಎಂಬ ಸೊಸೈಟಿಯ ಸೆಕ್ರೆಟರಿ, ಜೊತೆಗೆ ಮಾತಾಡದ ಒಬ್ಬ ಎಂಜಿನಿಯರು. ಚೀಲದಲ್ಲಿ ಸುಟ್ಟ ವಾಸನೆಯ ರಿಲೇ. ಭೀಮೇಶನನ್ನು ಒಳಗೆ ಕರೆದರು. ಅವನು ಕೈ ಕಟ್ಟಿ ಗಡಿಯಾರದ ಕೆಳಗೆ ನಿಂತ. ತಾಹೇರಾ ಹಾಳೆಯನ್ನು ತನ್ನ ಮೇಜಿನ ಮೇಲೆ ಹಾಸಿದಳು. ಎಂಜಿನಿಯರು ಬಗ್ಗಿ, “ಇದೇನಮ್ಮ, ಅಕ್ಷರದ ಮೇಲೆ ಅಕ್ಷರ ಬಿದ್ದಿದೆ?” ಎಂದ. “ಅಡೀಲಿರೋ ಆರು-ಹತ್ತು ನೀವು ನೋಡಿದ್ದು. ಮೇಲೆ ಹತ್ತಿರೋ ಹದಿನಾಲ್ಕು-ಇಪ್ಪತ್ಮೂರು ಒಳಗೆ ನಿಜವಾಗಿ ಇದ್ದಿದ್ದು. ಲಿಸ್ಟು ಒಳಗಿನದರಿಂದ ಆಯ್ತು. ಇವನು ಎರಡೂ ಹಿಡ್ಕೊಂಡು ನನ್ನನ್ನ ಕೇಳೋಕೆ ಬಂದ. ನಾನು ತಲೆ ಎತ್ತಲಿಲ್ಲ.” ಸನಾವುಲ್ಲಾ ಕನ್ನಡಕ ಏರಿಸಿ ಕಾಮೆಂಟಿನ ಸಾಲನ್ನು ಗಟ್ಟಿಯಾಗಿ ಓದಿದರು, ಬಹುಶಃ ಗಟ್ಟಿಯಾಗಿ ಓದುತ್ತಿರುವುದು ಅವರಿಗೂ ತಿಳಿಯಲಿಲ್ಲ: “ತಪ್ಪು ತಾಹೇರಾಳದು. ಗುರುವಾರ, ನಾಲ್ಕು ಹದಿನೆಂಟು. ಭೀಮೇಶ ಕೇಳಿದ್ದ.” ಶೆಡ್ಡಿನಲ್ಲಿ ಡ್ರಿಲ್ಲು ನಿಂತಿತು. ಹಬೀಬ ಪೊಟ್ಟಣ ಕಟ್ಟುತ್ತಿದ್ದ ಕೈ ನಿಲ್ಲಿಸಿದ. ಇಪ್ಪತ್ತೆರಡು ವರ್ಷದ ಆ ಗೆರೆ ಹನ್ನೆರಡು ಜನರ ಕಣ್ಣೆದುರು ಬಿತ್ತು. ಆದರೆ ಅವಳು ನೆಲ ನೋಡಲಿಲ್ಲ, ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡಿದಳು, ಯಾರಾದರೂ ಮೊದಲು ಕಣ್ಣು ತೆಗೆಯಲಿ ಎಂದು. “ಅಯ್ಯಮ್ಮ ಅನ್ನೋರ ಮನೆ ಎಲ್ಲಿ?” ಎಂದಳು. “ಯಾಕಮ್ಮಾ?” “ಹೋಗ್ಬೇಕು. ಅವರಿಗೂ ಇದರ ಒಂದು ಪ್ರತಿ ಇಟ್ಟಿದೀನಿ.” “ಅವರಿಗೆ ಓದೋಕೆ ಬರಲ್ಲಮ್ಮಾ.” “ನನಗೆ ಬರುತ್ತೆ.” ಸನಾವುಲ್ಲಾ ತಮ್ಮ ಜೇಬಿನ ಚೀಟಿಯೊಂದರ ಹಿಂದೆ ವಿಳಾಸ ಬರೆದುಕೊಟ್ಟರು. ಯಜ್ಞನಾರಾಯಣರು ಭೀಮೇಶನ ಸಹಿಗೆಂದು ಮಾಡಿದ್ದ ಆ ಕಾಗದವನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, ಹಬೀಬನ ಕಡೆ ಚಾಚಿದರು. ಅವನು ಅಭ್ಯಾಸಬಲದಿಂದ ಅದರಲ್ಲಿ ಲಗ್ಗು ಕಟ್ಟಿದ. “ನಿಮ್ಮ ವಿಷಯ ನಾಳೆ ಮಾತಾಡೋಣ ತಾಹೇರಾ ಅವರೇ,” ಎಂದರು ಯಾರನ್ನೂ ನೋಡದೆ. “ನಾಳೆ ಎಂಟೂವರೆ ಬಸ್ಸಿಗೆ ಬರ್ತೀನಿ ಸರ್. ನೀವು ಬೇಡ ಅಂದ್ರೂ ಬರ್ತೀನಿ. ಆ ಹಾಳೆಗಳನ್ನ ನಾನಲ್ದೆ ಯಾರೂ ತೆಗೀಬಾರ್ದು.”

ಎಲ್ಲ ಹೋದ ಮೇಲೆ ಭೀಮೇಶ ನೀಲಿ ಕೋಟು ತೊಟ್ಟುಕೊಂಡು ಬಂದ, ಇಸ್ತ್ರಿ ಅಂಗಿಯ ಮೇಲೆಯೇ. ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹಾಳೆಯ ಆ ಮೂಲೆಯನ್ನು ಬಹಳ ಹೊತ್ತು ನೋಡಿದ. “ಥೂ, ಏನ್ ಗಲೀಜು ಮೇಡಂ,” ಎಂದ. “ನಿಮ್ ಕೈಯಿಂದ ಇಂಥದ್ದು ಬರುತ್ತಾ?” “ಇಂಥದ್ದು ಬೇರೆ ಯಾರ ಕೈಯಿಂದಾನೂ ಬರಲ್ಲ.” ಅವನು ನಕ್ಕು, ಬಾಯಿಗೆ ತಂತಿ ಇಟ್ಟುಕೊಂಡು ಹೋದ. ಹಾಳೆ ಹಾರದಂತೆ ಎಂಜಿನಿಯರು ಬಿಟ್ಟುಹೋಗಿದ್ದ ರಿಲೇಯನ್ನು ಅದರ ಮೇಲಿಟ್ಟಿದ್ದರು. ತಾಹೇರಾ ಅದನ್ನು ಎತ್ತಿ ಮೂಸಿದಳು. ಹೊಗೆ ಇನ್ನೂ ಇತ್ತು. ಡ್ರಾಯರಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಅದರ ಕೆಂಪು ತಿರುಗಣೆಗೆ ಹಾಕಿ ತಿರುಗಿಸಿದಳು, ಕೆಳಗೆ, ಇನ್ನೂ ಕೆಳಗೆ. ಹದಿನಾಲ್ಕಕ್ಕೆ ಬಂದು ನಿಂತಿತು. ಬಲ ಹಾಕಿದಳು. ಮಣಿಕಟ್ಟು ನೋಯುವವರೆಗೆ ಹಾಕಿದಳು. ಸ್ಕ್ರೂಡ್ರೈವರಿನ ತುದಿ ಬಾಗಿತು. ಅದು ಹದಿನಾಲ್ಕಕ್ಕಿಂತ ಕೆಳಗೆ ಇಳಿಯಲಿಲ್ಲ.